ಮನೆಯಲ್ಲೇ ಬೆಸುಗೆ ಹಾಕಿದ ಟ್ರೇಲರ್ ಚೌಕಟ್ಟಿಗೆ ಬಾಳಿಕೆ ಬರುವ ಲೇಪನ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕಾರಿನ ಹಿಂದೆ ಜೋಡಿಸಿಕೊಂಡು ಹೋಗುವ ಸಣ್ಣ ಸರಕು ಟ್ರೇಲರೊಂದನ್ನು ಬಿಡುವಿನ ವೇಳೆಯಲ್ಲಿ ನಾನೇ ತಯಾರಿಸುತ್ತಿದ್ದೇನೆ. ಚೌಕಟ್ಟಿನ ಬೆಸುಗೆ ಕೆಲಸ ಬಹುತೇಕ ಮುಗಿದಿದೆ. ಅದಕ್ಕೆ ಯಾವ ಲೇಪನ ಕೊಡಿಸಬೇಕೆಂದು ತೀರ್ಮಾನಿಸಲಾಗದೆ ಎರಡು ವಾರದಿಂದ ಕೆಲಸ ನಿಲ್ಲಿಸಿ ಕುಳಿತಿದ್ದೇನೆ.

ವಿವರಗಳು ಹೀಗಿವೆ. ಚೌಕಟ್ಟಿನ ಉದ್ದ 2.4 ಮೀಟರ್, ಅಗಲ 1.5 ಮೀಟರ್. ಹೊರಸುತ್ತಿಗೆ 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಬಾಕ್ಸ್ ಪೈಪ್ ಬಳಸಿದ್ದೇನೆ. ಅಡ್ಡಪಟ್ಟಿಗಳು 40 ಮಿ.ಮೀ. ಚೌಕದವು, ಅವುಗಳ ದಪ್ಪ 2 ಮಿ.ಮೀ. ಕಾರಿಗೆ ಕೊಂಡಿ ಹಾಕುವ ಮುಂದಿನ ನೊಗದ ಪೈಪು ಮಾತ್ರ 4 ಮಿ.ಮೀ. ದಪ್ಪದ್ದು. ಪೈಪುಗಳ ತುದಿಗಳನ್ನೆಲ್ಲ ತಗಡಿನ ಮುಚ್ಚಳ ಇಟ್ಟು ಬೆಸೆದಿದ್ದೇನೆ. ಉಕ್ಕಿನ ಮೇಲೆ ಹೆಚ್ಚಿನ ಕಡೆ ಹೊಸದಾಗಿ ತಂದಾಗ ಇದ್ದ ನೀಲಿಗಪ್ಪು ಪೊರೆ ಹಾಗೆಯೇ ಇದೆ, ಅಲ್ಲಲ್ಲಿ ತೆಳ್ಳಗೆ ತುಕ್ಕು ಕಾಣಿಸಿಕೊಂಡಿದೆ.

ಇದು ನನ್ನ ಎರಡನೆಯ ಟ್ರೇಲರ್. ಮೊದಲನೆಯದನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಒಂದು ಕೈ ರೆಡ್ ಆಕ್ಸೈಡ್ ಪ್ರೈಮರ್ ಬಳಿದು, ಮೇಲೆ ಎರಡು ಕೈ ಎನಾಮಲ್ ಹೊಡೆದಿದ್ದೆ. ಮೂರನೆಯ ವರ್ಷಕ್ಕೆ ಬಣ್ಣ ಹಕ್ಕಳೆ ಎದ್ದಿತು. ಅದನ್ನಾದರೂ ಸಹಿಸಿಕೊಳ್ಳಬಹುದಿತ್ತು. ಆದರೆ ಒಂದು ದಿನ ಬೋಲ್ಟು ಬಿಗಿಯುವಾಗ ಸ್ಕ್ರೂಡ್ರೈವರ್ ಜಾರಿ, ಹೊರಗಿನಿಂದ ಚೆನ್ನಾಗಿಯೇ ಕಾಣುತ್ತಿದ್ದ ಅಡ್ಡಪಟ್ಟಿಯೊಳಗೆ ಸಲೀಸಾಗಿ ಹೊಕ್ಕಿತು. ಪೈಪು ಒಳಗಿನಿಂದಲೇ ತಿಂದುಹೋಗಿತ್ತು.

ಟ್ರೇಲರ್ ಸದಾ ಬಯಲಿನಲ್ಲೇ, ಮಳೆಯಲ್ಲೇ ನಿಲ್ಲುತ್ತದೆ. ಒದ್ದೆ ಮರಳು, ಜಲ್ಲಿ ಮತ್ತು ಗೊಬ್ಬರದ ಚೀಲಗಳನ್ನು ಸಾಗಿಸುತ್ತೇನೆ. ಕಲ್ಲು ಸಿಡಿಯುವ ಮಣ್ಣು ರಸ್ತೆಯಲ್ಲೂ ಓಡಿಸುತ್ತೇನೆ. ಕನಿಷ್ಠ 15 ವರ್ಷ ಬಾಳಬೇಕೆಂಬುದು ನನ್ನ ಅಪೇಕ್ಷೆ. ಕರಗಿದ ಸತುವಿನಲ್ಲಿ ಅದ್ದಿಸುವ ಹಾಟ್ ಡಿಪ್ ಗ್ಯಾಲ್ವನೈಸಿಂಗ್, ಬಣ್ಣದ ಪುಡಿಯನ್ನು ಹಿಡಿಸಿ ಬೇಯಿಸುವ ಪೌಡರ್ ಕೋಟಿಂಗ್, ನಾನೇ ಬಳಿಯಬಹುದಾದ ಎರಡು ಡಬ್ಬಿಯ ಎಪಾಕ್ಸಿ ಬಣ್ಣ, ಇಲ್ಲವೇ ಟ್ರಕ್ಕುಗಳ ತೊಟ್ಟಿಯೊಳಗೆ ಸಿಂಪಡಿಸುವ ದಪ್ಪನೆಯ ರಬ್ಬರಿನಂತಹ ಲೇಪನ, ಈ ನಾಲ್ಕರಲ್ಲಿ ಯಾವುದನ್ನು ಆರಿಸಿಕೊಳ್ಳುವುದು ಸೂಕ್ತವೆಂದು ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ನಾನು ಹಲವು ವರ್ಷ ಸತುವಿನ ತೊಟ್ಟಿಯ ಪಕ್ಕದಲ್ಲೇ ಕೆಲಸ ಮಾಡಿದವನು. ಆದ್ದರಿಂದ ನನ್ನ ಒಲವು ಎತ್ತ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಅದಕ್ಕೆ ತಕ್ಕಂತೆ ತೂಗಿ ನೋಡಿಕೊಳ್ಳಿ.

ನಿಮ್ಮ ಪ್ರಶ್ನೆಗೆ ಉತ್ತರ ಆ ಸ್ಕ್ರೂಡ್ರೈವರಿನಲ್ಲೇ ಇದೆ. ನೀವು ಹೆಸರಿಸಿರುವ ನಾಲ್ಕು ಲೇಪನಗಳಲ್ಲಿ ಪೈಪಿನ ಒಳಮೈಗೂ ತಲುಪುವುದು ಅದ್ದಿ ತೆಗೆಯುವ ಸತು ಒಂದೇ. ಉಳಿದ ಮೂರೂ ಹೊರಮೈಯನ್ನು ಮಾತ್ರ ಕಾಯುತ್ತವೆ. ಚೌಕಟ್ಟನ್ನು ಮೊದಲು ಕ್ಷಾರದಲ್ಲಿ ಅದ್ದಿ ಜಿಡ್ಡು ತೆಗೆಯುತ್ತಾರೆ, ಆಮ್ಲದಲ್ಲಿ ಅದ್ದಿ ತುಕ್ಕನ್ನೂ ನೀಲಿಗಪ್ಪು ಪೊರೆಯನ್ನೂ ಕರಗಿಸುತ್ತಾರೆ, ಸತು ಚೆನ್ನಾಗಿ ಹಿಡಿಯಲು ನೆರವಾಗುವ ಫ್ಲಕ್ಸ್ ದ್ರಾವಣದಲ್ಲಿ ಅದ್ದುತ್ತಾರೆ, ಕೊನೆಗೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಸತುವಿನಲ್ಲಿ ಮುಳುಗಿಸುತ್ತಾರೆ. ಅಲ್ಲಿ ಸತುವು ಬಣ್ಣದಂತೆ ಮೇಲೆ ಅಂಟಿಕೊಂಡು ಕೂರುವುದಿಲ್ಲ. ಅದು ಕಬ್ಬಿಣದೊಡನೆ ಬೆರೆತು ಮಿಶ್ರಲೋಹದ ಪದರಗಳಾಗುತ್ತದೆ, ಈ ಪದರಗಳಲ್ಲಿ ಕೆಲವು ಕೆಳಗಿನ ಸಾದಾ ಉಕ್ಕಿಗಿಂತಲೂ ಗಟ್ಟಿ. ಜಲ್ಲಿ ಸಿಡಿದು ಸಣ್ಣ ಗೀರು ಬಿದ್ದರೂ ಸುತ್ತಲಿನ ಸತುವು ತಾನು ಸವೆದು ಉಕ್ಕನ್ನು ಉಳಿಸುತ್ತದೆ. ಬಣ್ಣದ ಅಡಿಯಲ್ಲಿ ಹರಿದಾಡುವಂತೆ ತುಕ್ಕು ಸತುವಿನ ಅಡಿಯಲ್ಲಿ ಹರಿದಾಡುವುದಿಲ್ಲ.

ಲೆಕ್ಕ ಬೇಕಾದರೆ ಕೇಳಿ. ಐಎಸ್‌ಒ 1461 ಮಾನದಂಡದ ಪ್ರಕಾರ 1.5ರಿಂದ 3 ಮಿ.ಮೀ.ವರೆಗಿನ ದಪ್ಪದ ಉಕ್ಕಿಗೆ ಸರಾಸರಿ ಕನಿಷ್ಠ 55 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು), 3 ಮಿ.ಮೀ. ದಾಟಿ 6 ಮಿ.ಮೀ.ವರೆಗಿನದಕ್ಕೆ 70 ಮೈಕ್ರಾನ್ ಸತು ಕೂರಬೇಕು. ಐಎಸ್‌ಒ 9223 ಮಾನದಂಡ ಸಿ3 ಎಂದು ವರ್ಗೀಕರಿಸುವ ಮಧ್ಯಮ ಮಟ್ಟದ ಹವೆಯಲ್ಲಿ ಸತುವು ವರ್ಷಕ್ಕೆ 0.7ರಿಂದ 2.1 ಮೈಕ್ರಾನ್ ಸವೆಯುತ್ತದೆ. ಆ ವರ್ಗದ ಅತಿ ಕೆಟ್ಟ ದರ ಹಿಡಿದರೂ 55 ಮೈಕ್ರಾನಿಗೆ 26 ವರ್ಷ. ಅದಕ್ಕಿಂತ ಕಠಿಣವಾದ ಸಿ4 ವರ್ಗದ ಮೇಲ್ಮಿತಿ ವರ್ಷಕ್ಕೆ 4.2 ಮೈಕ್ರಾನ್, ಆಗ 13 ವರ್ಷ. ನೀವು ಗೊಬ್ಬರ ಸಾಗಿಸುವುದರಿಂದ ಈ ಎರಡನೆಯ ಲೆಕ್ಕವನ್ನೂ ಮನಸ್ಸಿನಲ್ಲಿಟ್ಟುಕೊಳ್ಳಿ, ಗೊಬ್ಬರ ಇಳಿಸಿದ ದಿನವೇ ನೀರು ಹೊಡೆದು ತೊಳೆಯುವ ರೂಢಿ ಮಾಡಿಕೊಳ್ಳಿ.

ಈಗ ನಿಮ್ಮ ಚೌಕಟ್ಟಿನ ದೊಡ್ಡ ತೊಡಕಿಗೆ ಬರುತ್ತೇನೆ. ತುದಿಗಳನ್ನು ಮುಚ್ಚಿ ಬೆಸೆದ ಪೈಪನ್ನು ಹಾಗೆಯೇ ಸತುವಿಗೆ ಇಳಿಸುವುದು ಬಾಂಬನ್ನು ಇಳಿಸಿದಂತೆ. ಬೆಸುಗೆಯ ಸೂಜಿರಂಧ್ರದಿಂದ ಒಳಸೇರಿದ ಸ್ವಲ್ಪ ನೀರು ಆವಿಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಪೈಪು ಸಿಡಿದರೆ ಕರಗಿದ ಸತುವು ಕೆಲಸಗಾರರ ಮೈಮೇಲೆ ಬೀಳುತ್ತದೆ. ಯಾವ ಜವಾಬ್ದಾರಿಯುತ ಕಾರ್ಖಾನೆಯೂ ಇಂಥ ಚೌಕಟ್ಟನ್ನು ಒಪ್ಪಿಕೊಳ್ಳುವುದಿಲ್ಲ. ಆದ್ದರಿಂದ ಪ್ರತಿಯೊಂದು ಪೈಪಿಗೂ ಎರಡೂ ತುದಿಗಳಲ್ಲಿ, ಬೆಸುಗೆಗೆ ಆದಷ್ಟು ಹತ್ತಿರ, ಕರ್ಣದ ಎದುರುಬದುರು ಮೂಲೆಗಳಲ್ಲಿ ತೂತು ಕೊರೆಯಬೇಕು. 50 ಮಿ.ಮೀ.ವರೆಗಿನ ಪೈಪಿಗೆ 12 ಮಿ.ಮೀ., ಅದಕ್ಕಿಂತ ದೊಡ್ಡದಕ್ಕೆ 16 ಮಿ.ಮೀ. ತೂತು ಸಾಮಾನ್ಯ ಲೆಕ್ಕ. ಆದರೂ ಡ್ರಿಲ್ ಹಿಡಿಯುವ ಮೊದಲು ಅದ್ದುವವರನ್ನೇ ಕೇಳಿ, ಚೌಕಟ್ಟನ್ನು ಯಾವ ಓರೆಯಲ್ಲಿ ತೂಗುಹಾಕುತ್ತಾರೆಂಬುದು ಅವರಿಗೆ ಮಾತ್ರ ಗೊತ್ತು. ನೊಗದ ಪೈಪಿನಲ್ಲಿ, ವಿಶೇಷವಾಗಿ ಅದು ಚೌಕಟ್ಟಿಗೆ ಸೇರುವ ಜಾಗದಲ್ಲಿ, ಮೇಲಿನ ಮತ್ತು ಕೆಳಗಿನ ಮೈಗಳಿಗೆ ತೂತು ಹಾಕಬೇಡಿ. ಬಾಗುವ ಒತ್ತಡ ಅಲ್ಲೇ ಹೆಚ್ಚು. ನೊಗಕ್ಕೆ ತುದಿಯ ಮುಚ್ಚಳವನ್ನೇ ಕತ್ತರಿಸಿ ತೆಗೆಯುವುದು ಒಳ್ಳೆಯದು. ಹಿಂಬದಿಯಲ್ಲಿ ತೂತು ಅನಿವಾರ್ಯವಾದರೆ ಪಕ್ಕದ ಮೈಯ ನಟ್ಟನಡುವೆ ಕೊರೆಯಿರಿ.

ಎರಡನೆಯ ಅಪಾಯ ಸೊಟ್ಟಗಾಗುವುದು. 2.4 ಮೀಟರ್ ಉದ್ದದ ಉಕ್ಕು ಆ ಬಿಸಿಗೆ 12 ಮಿ.ಮೀ.ಗೂ ಹೆಚ್ಚು ಉದ್ದವಾಗುತ್ತದೆ. 2 ಮಿ.ಮೀ. ಅಡ್ಡಪಟ್ಟಿ ಬೇಗನೆ ಕಾಯುತ್ತದೆ, 4 ಮಿ.ಮೀ. ನೊಗ ನಿಧಾನವಾಗಿ ಕಾಯುತ್ತದೆ, ಜೊತೆಗೆ ಬೆಸುಗೆಯಲ್ಲಿ ಸಿಕ್ಕಿಕೊಂಡಿದ್ದ ಬಿಗಿತವೂ ಸಡಿಲಗೊಳ್ಳುತ್ತದೆ. ಬೆಸುಗೆಗಳು ಎರಡೂ ಪಕ್ಕ ಸಮನಾಗಿದ್ದರೆ ಸಾಮಾನ್ಯವಾಗಿ ಕೆಲವೇ ಮಿ.ಮೀ.ಗಳಲ್ಲಿ ಮುಗಿಯುತ್ತದೆ. ಅಚ್ಚು ಕೂರುವ ತಟ್ಟೆಗಳ ತೂತುಗಳನ್ನು ಮಾತ್ರ ಅದ್ದಿಸಿ ತಂದ ಮೇಲೆ ಅಳೆದು ಸರಿಪಡಿಸಿಕೊಳ್ಳುವಷ್ಟು ಅವಕಾಶ ಇಟ್ಟುಕೊಳ್ಳಿ.

ಇನ್ನು ಎರಡು ಸಣ್ಣ ಮಾತು. ತಂತಿ ತಾನಾಗಿಯೇ ಹರಿದುಬರುವ ಮಿಗ್ ಬೆಸುಗೆಯ ಮೇಲೆ ಉಳಿಯುವ ಗಾಜಿನಂತಹ ಕಂದು ಚುಕ್ಕೆಗಳನ್ನು ಆಮ್ಲ ಕರಗಿಸುವುದಿಲ್ಲ, ಅವನ್ನು ನೀವೇ ಕೆರೆದು ತೆಗೆಯಬೇಕು. ಇಲ್ಲದಿದ್ದರೆ ಅಲ್ಲಿ ಸತು ಹಿಡಿಯದು. ಕಮಾನು ಪಟ್ಟಿ, ಬೇರಿಂಗು, ಕೊಂಡಿಯ ಬಟ್ಟಲು ಇವು ಯಾವುದನ್ನೂ ತೊಟ್ಟಿಗೆ ಕಳುಹಿಸಬೇಡಿ. ಹೆಚ್ಚು ಬಲದ ಸ್ಪ್ರಿಂಗ್ ಉಕ್ಕು ಆಮ್ಲದಲ್ಲಿ ಹೈಡ್ರೊಜನ್ ಹೀರಿಕೊಂಡು ಪೆಡಸಾಗುತ್ತದೆ.

ಉತ್ತರ 2

ಮೇಲಿನವರು ಹೇಳಿದ್ದರಲ್ಲಿ ತಪ್ಪು ಹುಡುಕುವುದಿಲ್ಲ. ಆದರೆ ಚೌಕಟ್ಟು ಹಿಡಿಸುವ ತೊಟ್ಟಿ ಕೈಗೆಟುಕದವರೂ ಈ ಚರ್ಚೆಯನ್ನು ಓದುತ್ತಾರೆ. ಬಣ್ಣವನ್ನು ಸರಿಯಾಗಿ ಬಳಿದರೆ ಅದೂ 15 ವರ್ಷ ಬಾಳುತ್ತದೆ. ಸರಿಯಾಗಿ ಎಂದರೆ ಏನೆಂಬುದೇ ಇಲ್ಲಿನ ವಿಷಯ.

ನಿಮ್ಮ ಮೊದಲ ಟ್ರೇಲರಿನಲ್ಲಿ ಸೋತದ್ದು ಎನಾಮಲ್ ಅಲ್ಲ, ಅದರ ಅಡಿಯಲ್ಲಿದ್ದ ನೀಲಿಗಪ್ಪು ಪೊರೆ. ಉಕ್ಕನ್ನು ಕೆಂಪಗೆ ಕಾಯಿಸಿ ಉರುಳೆಗಳ ನಡುವೆ ಹಾಯಿಸುವಾಗ ಗಾಳಿಯ ಆಮ್ಲಜನಕ ಸೇರಿ ಹುಟ್ಟುವ ಈ ಪೊರೆಗೆ ಮಿಲ್ ಸ್ಕೇಲ್ ಎನ್ನುತ್ತಾರೆ. ನೋಡುವುದಕ್ಕೆ ಗಟ್ಟಿಮುಟ್ಟಾಗಿ, ನುಣುಪಾಗಿರುತ್ತದೆ. ಅದಕ್ಕೇ ಎಷ್ಟೋ ಜನ ಅದನ್ನೇ ರಕ್ಷಣೆಯೆಂದು ನಂಬಿ ಅದರ ಮೇಲೆಯೇ ಬಳಿಯುತ್ತಾರೆ. ಆದರೆ ಅದು ಉಕ್ಕಿನೊಡನೆ ಒಂದೇ ಸಮನೆ ಹಿಗ್ಗುವುದೂ ಇಲ್ಲ, ಕುಗ್ಗುವುದೂ ಇಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟು ನೀರು ಒಳಹೋದರೆ, ಪೊರೆಯೂ ಬರಿಯ ಉಕ್ಕೂ ಸೇರಿ ಒಂದು ಪುಟ್ಟ ವಿದ್ಯುತ್ಕೋಶವಾಗುತ್ತವೆ. ಅದರಲ್ಲಿ ಕರಗುವ ಪಾಲು ಉಕ್ಕಿನದು. ತುಕ್ಕು ಪೊರೆಯನ್ನು ಎಬ್ಬಿಸುತ್ತದೆ, ಪೊರೆ ತನ್ನ ಮೇಲಿನ ಬಣ್ಣವನ್ನೂ ಹೊತ್ತುಕೊಂಡು ಏಳುತ್ತದೆ. ನೀವು ಕಂಡ ಹಕ್ಕಳೆಗಳ ಹಿಂಬದಿಯನ್ನು ತಿರುಗಿಸಿ ನೋಡಿದ್ದರೆ ಅಲ್ಲಿ ನೀಲಿಗಪ್ಪು ಬಣ್ಣವೇ ಕಾಣುತ್ತಿತ್ತು. ತಂತಿ ಬ್ರಷ್ಷು ಈ ಪೊರೆಯನ್ನು ಕೀಳುವುದಿಲ್ಲ, ಉಜ್ಜಿ ಇನ್ನಷ್ಟು ಹೊಳಪು ಕೊಡುತ್ತದೆ ಅಷ್ಟೆ.

ಕೆಲಸದ ಕ್ರಮದಲ್ಲಿ ಮೊದಲನೆಯದು ಜಿಡ್ಡು ತೆಗೆಯುವುದು. ಇದನ್ನು ಉಜ್ಜುವ ಮೊದಲೇ ಮಾಡಬೇಕು. ಮೊದಲು ಗ್ರೈಂಡರ್ ಹಿಡಿದರೆ ಎಣ್ಣೆಯನ್ನು ಉಕ್ಕಿನ ಗೀರುಗಳೊಳಗೆ ತಿಕ್ಕಿ ತುಂಬಿದಂತಾಗುತ್ತದೆ. ಬೆಸುಗೆಯ ಕಿಡಿ ಅಂಟದಿರಲೆಂದು ಸಿಲಿಕೋನ್ ಸ್ಪ್ರೇ ಹೊಡೆದಿದ್ದರಂತೂ ಅದರ ಲವಲೇಶ ಉಳಿದರೂ ಬಣ್ಣ ಮೀನಿನ ಕಣ್ಣುಗಳಂತೆ ಗುಂಡಗುಂಡಗೆ ಹಿಂಜರಿಯುತ್ತದೆ. ಅನಂತರ ಬ್ಲಾಸ್ಟಿಂಗ್, ಅಂದರೆ ಗಟ್ಟಿ ಕಣಗಳನ್ನು ರಭಸದಿಂದ ಸಿಡಿಸಿ ಮೈ ಬಿಡಿಸುವ ಕೆಲಸ, ಮಾಡಿಸಿ. ಎಸ್‌ಎ 2½ ಎಂಬ ದರ್ಜೆಯನ್ನು ಕೇಳಿ ಮಾಡಿಸಿ. ಅಂದರೆ ತುಕ್ಕು, ಪೊರೆ ಎಲ್ಲ ಹೋಗಿ ಮಸುಕು ಕಲೆಗಳಷ್ಟೇ ಉಳಿದಿರಬೇಕು. ಆಗ ಉಕ್ಕಿನ ಮೈ 40ರಿಂದ 75 ಮೈಕ್ರಾನ್ ಆಳದ ತರಿತರಿಯಾಗುತ್ತದೆ, ಬಣ್ಣಕ್ಕೆ ಕಚ್ಚಿಕೊಳ್ಳಲು ಹಿಡಿತ ಸಿಗುತ್ತದೆ. ಬ್ಲಾಸ್ಟ್ ಮಾಡಿದ ಉಕ್ಕು ಬೆತ್ತಲೆ ಉಕ್ಕು. ತೇವದ ಹವೆಯಲ್ಲಿ ಕೆಲವೇ ತಾಸುಗಳಲ್ಲಿ ಕೆಂಚು ತಿರುಗುತ್ತದೆ. ಆದ್ದರಿಂದ ಅದೇ ದಿನ ಪ್ರೈಮರ್ ಬೀಳಲೇಬೇಕು, ಮರುದಿನಕ್ಕೆ ಎತ್ತಿಡುವಂತಿಲ್ಲ.

ಪ್ರೈಮರಿನ ಆಯ್ಕೆ ಮೈಯ ಸಿದ್ಧತೆಯನ್ನು ಅವಲಂಬಿಸಿದೆ. ಬ್ಲಾಸ್ಟ್ ಮಾಡಿಸಿದರೆ ಸತುಭರಿತ ಎಪಾಕ್ಸಿ ಪ್ರೈಮರ್ ಹಾಕಿ. ಒಣಗಿದ ಪದರದ ತೂಕದಲ್ಲಿ ಶೇ. 80ರಷ್ಟಾದರೂ ಸತುವಿನ ಪುಡಿ ಇದ್ದರೆ ಮಾತ್ರ ಅದು ಆ ಹೆಸರಿಗೆ ತಕ್ಕದ್ದು. ಆ ಪುಡಿ ಬರಿಯ ಉಕ್ಕಿಗೆ ತಾಗಿದ್ದರೆ ಮಾತ್ರ ಕೆಲಸ ಮಾಡುತ್ತದೆ, ತುಕ್ಕಿನ ಮೇಲೆ ಬಳಿದರೆ ಅದು ಬೂದು ಬಣ್ಣವಲ್ಲದೆ ಬೇರೇನೂ ಅಲ್ಲ. ಬ್ಲಾಸ್ಟಿಂಗ್ ಸಾಧ್ಯವಾಗದೆ ಗ್ರೈಂಡರಿನಿಂದಲೇ ಮೈ ಬಿಡಿಸುವುದಾದರೆ, ಎಪಾಕ್ಸಿ ಮಾಸ್ಟಿಕ್ ಎಂದು ಕರೆಯುವ, ಕಡಿಮೆ ಸಿದ್ಧತೆಯನ್ನೂ ತಾಳಿಕೊಳ್ಳುವ ದಪ್ಪ ಬಣ್ಣವನ್ನು ಆರಿಸಿ. ಆಗಲೂ ಗ್ರೈಂಡರಿಗೆ ಹಾಕುವ ಉಜ್ಜುಕಾಗದದ ಬಿಲ್ಲೆಯಾದ ಫ್ಲ್ಯಾಪ್ ಡಿಸ್ಕ್ ಹಿಡಿದು ನೀಲಿಗಪ್ಪನ್ನು ಪೂರ್ತಿಯಾಗಿ ಕೀಳಬೇಕು, ಬೇಸರದ ಕೆಲಸವೆಂದು ಬಿಡುವಂತಿಲ್ಲ. ತುಕ್ಕನ್ನು ಕಪ್ಪಾಗಿಸುವ ಆಮ್ಲದ ದ್ರಾವಣಗಳನ್ನು ಎಪಾಕ್ಸಿಯ ಅಡಿಯಲ್ಲಿ ಬಳಸಲು ನಾನು ಹೇಳುವುದಿಲ್ಲ, ತೊಳೆಯದೆ ಉಳಿದ ಆಮ್ಲ ಎಪಾಕ್ಸಿಯನ್ನು ಗಟ್ಟಿಯಾಗಿಸುವ ಎರಡನೆಯ ಡಬ್ಬಿಯ ಹಾರ್ಡ್‌ನರನ್ನು ಕೆಡಿಸುತ್ತದೆ.

ಅಂಚುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ತುಕ್ಕು ಯಾವಾಗಲೂ ಅಲ್ಲಿಂದಲೇ ಶುರುವಾಗುತ್ತದೆ. ಹಸಿ ಬಣ್ಣ ಚೂಪಾದ ಅಂಚಿನಿಂದ ಹಿಂದೆ ಸರಿಯುತ್ತದೆ. ಚಪ್ಪಟೆ ಮೈಯಲ್ಲಿ 100 ಮೈಕ್ರಾನ್ ನಿಂತ ಬಣ್ಣ ಅಂಚಿನ ಮೇಲೆ ಅದರ ಸಣ್ಣ ಪಾಲಷ್ಟೂ ನಿಲ್ಲುವುದಿಲ್ಲ. ಆದ್ದರಿಂದ ಕತ್ತರಿಸಿದ ಅಂಚು, ತಟ್ಟೆಯ ಮೂಲೆ, ತೂತಿನ ಬಾಯಿ ಎಲ್ಲವನ್ನೂ 2 ಮಿ.ಮೀ. ತ್ರಿಜ್ಯಕ್ಕೆ ಗುಂಡಗೆ ಮಾಡಿ. ಪ್ರತಿ ಪದರಕ್ಕೂ ಮೊದಲು ಅಂಚು ಮತ್ತು ಬೆಸುಗೆಗಳಿಗೆ ಮಾತ್ರ ಸಣ್ಣ ಬ್ರಷ್ಷಿನಿಂದ ಒಂದು ಕೈ ತಿಕ್ಕಿ ಬಳಿದು, ಆಮೇಲೆ ಪೂರ್ತಿ ಚೌಕಟ್ಟಿಗೆ ಹೊಡೆಯಿರಿ. ಇದಕ್ಕೆ ಒಂದು ಸಂಜೆ ಹೆಚ್ಚು ಹಿಡಿಯುತ್ತದೆ. ನನ್ನ ಅನುಭವದಲ್ಲಿ ದುಬಾರಿ ಬಣ್ಣಕ್ಕಿಂತ ಈ ಒಂದು ಸಂಜೆ ಹೆಚ್ಚು ಆಯುಸ್ಸು ಕೊಟ್ಟಿದೆ.

ದಪ್ಪವನ್ನು ಊಹೆಗೆ ಬಿಡಬೇಡಿ. ಹಸಿ ಪದರವನ್ನು ಅಳೆಯುವ ಹಲ್ಲುಹಲ್ಲಿನ ಬಾಚಣಿಗೆಯಂತಹ ಸಾಧನ ಸಿಗುತ್ತದೆ. ಡಬ್ಬಿಯ ಮೇಲೆ ಘನಾಂಶ ಶೇ. 60 ಎಂದಿದ್ದರೆ 125 ಮೈಕ್ರಾನ್ ಹಸಿ ಬಣ್ಣ ಒಣಗಿ 75 ಮೈಕ್ರಾನ್ ಆಗುತ್ತದೆ. ಪ್ರೈಮರ್ 60, ನಡುವಿನ ಎಪಾಕ್ಸಿ 100ರಿಂದ 120, ಮೇಲಿನ ಪಾಲಿಯುರಿಥೇನ್ 50ರಿಂದ 60, ಒಟ್ಟು 200 ಮೈಕ್ರಾನ್ ದಾಟಿದರೆ ನಿಮ್ಮ ಬಳಕೆಗೆ ಸಾಕು. ಎಪಾಕ್ಸಿಯನ್ನೇ ಮೇಲ್ಪದರವಾಗಿ ಬಿಡಬೇಡಿ, ಬಿಸಿಲಿಗೆ ಅದು ಸುಣ್ಣದಂತೆ ಪುಡಿಯೇಳುತ್ತದೆ. ಬಳಿಯುವಾಗ ಉಕ್ಕಿನ ಮೈ ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚು ಬೆಚ್ಚಗಿರಬೇಕು, ಹವೆಯ ತೇವಾಂಶ ಶೇ. 85 ಮೀರಿರಬಾರದು. ಒಂದು ಪದರದ ಮೇಲೆ ಇನ್ನೊಂದನ್ನು ಹಾಕಲು ತಯಾರಕರು ಹೇಳಿದ ಅವಧಿ ಮೀರಿದರೆ ಎಪಾಕ್ಸಿ ಗಾಜಿನಂತೆ ಗಟ್ಟಿಯಾಗಿರುತ್ತದೆ, ಉಜ್ಜಿ ಗೀರು ಮಾಡದೆ ಮೇಲಿನದು ಹಿಡಿಯದು.

ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಎರಡು ಡಬ್ಬಿಯ ಪಾಲಿಯುರಿಥೇನಿನ ಹಾರ್ಡ್‌ನರಿನಲ್ಲಿ ಐಸೊಸಯನೇಟ್ ಇರುತ್ತದೆ. ಅದನ್ನು ಸ್ಪ್ರೇ ಮಾಡುವಾಗ ಉಸಿರಿನೊಡನೆ ಒಳಗೆ ಹೋದರೆ ಆಸ್ತಮಾ ಬರಬಹುದು, ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಅಪಾಯಕಾರಿ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡ ಇಲ್ಲದಿದ್ದರೆ ಸ್ಪ್ರೇ ಮಾಡಲೇಬೇಡಿ. ತೆರೆದ ಜಾಗದಲ್ಲಿ, ಕೈಗವಸು ಹಾಕಿಕೊಂಡು, ಬ್ರಷ್ಷು ಅಥವಾ ರೋಲರಿನಿಂದ ಬಳಿಯಿರಿ. ಟ್ರೇಲರಿನ ಅಡಿಭಾಗದ ನುಣುಪನ್ನು ಯಾರೂ ಬಗ್ಗಿ ನೋಡುವುದಿಲ್ಲ.

ಪೌಡರ್ ಕೋಟಿಂಗ್ ಬಗ್ಗೆ ಎರಡೇ ಮಾತು. 180ರಿಂದ 200 ಡಿಗ್ರಿಯಲ್ಲಿ ಬೇಯಿಸಿದ 60ರಿಂದ 80 ಮೈಕ್ರಾನಿನ ಆ ಪದರ ಗೇಟಿಗೂ ಕುರ್ಚಿಗೂ ಸೊಗಸಾದದ್ದು. ಟ್ರೇಲರಿನ ಅಡಿಯಲ್ಲಿ ಜಲ್ಲಿ ತಾಗಿ ಒಂದು ಚುಕ್ಕೆಯಷ್ಟು ಕಿತ್ತರೆ ಅಲ್ಲಿಂದ ತುಕ್ಕು ಪದರದ ಕೆಳಗೇ ಹರಿಯುತ್ತದೆ, ಮನೆಯಲ್ಲಿ ಅದನ್ನು ಸರಿಪಡಿಸಲು ಬ್ರಷ್ಷಿನ ಬಣ್ಣವಲ್ಲದೆ ಬೇರೆ ದಾರಿಯಿಲ್ಲ. ಜೊತೆಗೆ ಪೈಪುಗಳು ಕೂಡುವ ಒಳಮೂಲೆಗಳಿಗೆ, ವಿದ್ಯುದಾವೇಶದ ಸ್ವಭಾವದಿಂದಾಗಿ, ಪುಡಿ ಸರಿಯಾಗಿ ಹೋಗಿ ಕೂರುವುದಿಲ್ಲ.

ಉತ್ತರ 3

ರಬ್ಬರಿನಂತಹ ದಪ್ಪ ಲೇಪನದ ಬಗ್ಗೆ ನನ್ನ ಅನುಭವವನ್ನು ಹೇಳುತ್ತೇನೆ, ಏಕೆಂದರೆ ನಾನು ಅದರ ದೊಡ್ಡ ಅಭಿಮಾನಿಯಾಗಿದ್ದವನು. ನನ್ನ ಟ್ರೇಲರಿನ ಚೌಕಟ್ಟಿಗೆಲ್ಲ ಸುಮಾರು 2 ಮಿ.ಮೀ. ದಪ್ಪಕ್ಕೆ ಸಿಂಪಡಿಸಿದ್ದೆ. ಐದು ವರ್ಷ ಒಂದು ಗೀರೂ ಕಾಣಲಿಲ್ಲ, ನೋಡಿದವರಿಗೆಲ್ಲ ಹೊಗಳಿದೆ. ಒಂದು ದಿನ ಸ್ಪ್ರಿಂಗಿನ ಬ್ರಾಕೆಟ್ ಬದಲಿಸಲೆಂದು ಸುತ್ತಿಗೆಯಿಂದ ತಟ್ಟಿದಾಗ ಟಣ್ ಎನ್ನಬೇಕಾದ ಉಕ್ಕು ದಬ್ ಎಂದಿತು. ಚಾಕು ಹಾಕಿ ಕೊಯ್ದು ನೋಡಿದರೆ ಲೇಪನ ಕೈಗವಸಿನಂತೆ ಇಡಿಯಾಗಿ ಬಿಟ್ಟುಬಂತು, ಒಳಗೆ ನೀರೂ ತುಕ್ಕಿನ ಪುಡಿಯೂ ಇತ್ತು. ಬೋಲ್ಟಿನ ತೂತಿನ ಪಕ್ಕದಿಂದ ನೀರು ಹೊಕ್ಕಿತ್ತು. ಹೊಕ್ಕ ನೀರಿಗೆ ಹೊರಬರಲು ದಾರಿಯಿರಲಿಲ್ಲ, ಒಳಗಿನ ಅನಾಹುತ ನನಗೆ ಕಾಣುವ ದಾರಿಯೂ ಇರಲಿಲ್ಲ. ತೆಳು ಬಣ್ಣವಾಗಿದ್ದರೆ ಎರಡನೆಯ ವರ್ಷಕ್ಕೇ ಗುಳ್ಳೆ ಎದ್ದು ಎಚ್ಚರಿಸುತ್ತಿತ್ತು. ಈಗ ಅದನ್ನು ಚಕ್ರದ ಮೇಲಿನ ಮಡ್‌ಗಾರ್ಡಿನ ಒಳಮೈಗೂ ನೆಲದ ಹಲಗೆಗೂ ಮಾತ್ರ ಬಳಸುತ್ತೇನೆ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಬರೆದದ್ದಕ್ಕೆ ಮೂವರಿಗೂ ಧನ್ಯವಾದಗಳು. ಚೌಕಟ್ಟು ಹಿಡಿಸುವ ಸತುವಿನ ತೊಟ್ಟಿ ಇರುವ ಕಡೆ ವಿಚಾರಿಸಿದೆ, ಒಂದೇ ಸಲಕ್ಕೆ ಮುಳುಗುತ್ತದೆಂದು ಹೇಳಿದರು. ಇನ್ನು ಮೂರು ಸಂದೇಹಗಳಿವೆ. ಪೈಪನ್ನು ಪೂರ್ತಿಯಾಗಿ ಮುಚ್ಚಿ ಬೆಸೆದರೆ ಒಳಗೆ ಹೊಸ ಗಾಳಿ ಸಿಗದೆ ತುಕ್ಕು ತಾನಾಗಿಯೇ ನಿಲ್ಲುತ್ತದೆಂದು ನಂಬಿಯೇ ನಾನು ತುದಿಗಳನ್ನು ಮುಚ್ಚಿದ್ದು. ಆ ನಂಬಿಕೆ ತಪ್ಪೇ? ದೀಪಗಳ ಬ್ರಾಕೆಟ್ಟುಗಳನ್ನು ಸತು ಹಾಕಿಸಿದ ಮೇಲೆ ಬೆಸೆಯಬಹುದೇ? ಸತುವಿನ ಮೇಲೆ ಕಪ್ಪು ಬಣ್ಣ ಹೊಡೆಯಬಹುದೇ?

ಉತ್ತರ 1

ನಿಮ್ಮ ನಂಬಿಕೆ ತತ್ವದಲ್ಲಿ ಸರಿ. 50 ಮಿ.ಮೀ. ಚೌಕದ, 2.4 ಮೀಟರ್ ಉದ್ದದ ನಿಮ್ಮ ಪೈಪಿನೊಳಗೆ ನಾಲ್ಕೂವರೆ ಲೀಟರಿಗೆ ತುಸು ಹೆಚ್ಚು ಗಾಳಿ ಇರುತ್ತದೆ. ಅದರಲ್ಲಿರುವ ಆಮ್ಲಜನಕ ಸುಮಾರು 1.3 ಗ್ರಾಂ, ಅದಷ್ಟೂ ಖರ್ಚಾದರೆ ತುಕ್ಕಾಗುವ ಕಬ್ಬಿಣ ಸುಮಾರು 3 ಗ್ರಾಂ. ಒಳಮೈಯೆಲ್ಲಕ್ಕೂ ಹಂಚಿದರೆ ಒಂದು ಮೈಕ್ರಾನೂ ಸವೆಯುವುದಿಲ್ಲ. ಲೆಕ್ಕ ಇಷ್ಟು ಚೆನ್ನಾಗಿದ್ದರೂ ಪೈಪು ಹಾಳಾಗುವುದೇಕೆಂದರೆ, ಬೆಸುಗೆಯಲ್ಲಿ ಎಲ್ಲೋ ಒಂದು ಸೂಜಿರಂಧ್ರ ಇದ್ದೇ ಇರುತ್ತದೆ. ಬಿಸಿಲಿನಲ್ಲಿ 60 ಡಿಗ್ರಿಗೆ ಕಾದಿದ್ದ ಪೈಪಿನ ಮೇಲೆ ಮಳೆ ಸುರಿದು ಅದು 25 ಡಿಗ್ರಿಗೆ ಇಳಿದಾಗ ಒಳಗಿನ ಗಾಳಿ ಹತ್ತರಲ್ಲೊಂದು ಪಾಲು ಕುಗ್ಗುತ್ತದೆ. ಅಂದರೆ ಪೈಪು ಅರ್ಧ ಲೀಟರಿನಷ್ಟನ್ನು ಹೊರಗಿನಿಂದ ಹೀರುತ್ತದೆ, ಆ ರಂಧ್ರದ ಬಾಯಲ್ಲಿ ಆಗ ನಿಂತಿರುವುದು ಮಳೆನೀರು. ಹೀಗೆ ಸೇರಿದ ನೀರು ಅದೇ ರಂಧ್ರದಿಂದ ಹೊರಗೆ ಹರಿಯುವುದಿಲ್ಲ. ವೈರು ಹಾಯಿಸಲು ನೀವೇ ಒಂದು ತೂತು ಕೊರೆದಿದ್ದರಂತೂ ಮುಚ್ಚಿದ ಪೈಪೆಂಬ ಮಾತೇ ಉಳಿಯುವುದಿಲ್ಲ. ಪೂರ್ತಿ ಮುಚ್ಚಿರಬೇಕು, ಇಲ್ಲವೇ ಧಾರಾಳವಾಗಿ ತೆರೆದಿರಬೇಕು. ಅರ್ಧಂಬರ್ಧ ಮುಚ್ಚಿದ್ದೇ ಎಲ್ಲಕ್ಕಿಂತ ಕೆಟ್ಟದ್ದು.

ಬ್ರಾಕೆಟ್, ಕೊಕ್ಕೆ, ಹಗ್ಗ ಕಟ್ಟುವ ಬಳೆ ಯಾವುದೇ ಇರಲಿ, ಅದ್ದಿಸುವ ಮೊದಲೇ ಬೆಸೆದು ಮುಗಿಸಿ. ಸತುವು 907 ಡಿಗ್ರಿಯಲ್ಲಿ ಕುದಿಯುತ್ತದೆ, ಬೆಸುಗೆಯ ಬಿಸಿ ಅದಕ್ಕಿಂತ ಬಹಳ ಹೆಚ್ಚು. ಆಗ ಏಳುವ ಬಿಳಿ ಹೊಗೆ ಕುಡಿದವರಿಗೆ ಆ ರಾತ್ರಿ ಚಳಿಜ್ವರ ಹಿಡಿಯುತ್ತದೆ. ಮರೆತುಹೋದ ಬ್ರಾಕೆಟ್ಟನ್ನು ಬೋಲ್ಟಿನಿಂದ ಕೂರಿಸಿ.

ಬಣ್ಣ ಹೊಡೆಯಬಹುದು, ಆದರೆ ಎನಾಮಲನ್ನು ನೇರವಾಗಿ ಬಳಿಯಬೇಡಿ. ಅದರೊಳಗಿನ ಎಣ್ಣೆಯ ಅಂಶ ಸತುವಿನೊಡನೆ ಸೇರಿ ಸಾಬೂನಿನಂತಾಗಿ ಬಣ್ಣ ಹಾಳೆಹಾಳೆಯಾಗಿ ಬಿಡುತ್ತದೆ. ಮೈಯನ್ನು ಹಗುರವಾಗಿ ಬ್ಲಾಸ್ಟ್ ಮಾಡಿಸಿ, ಸತುವಿಗೆ ಹೊಂದುವ ಎಪಾಕ್ಸಿ ಪ್ರೈಮರ್ ಹಾಕಿ, ಮೇಲೆ ಪಾಲಿಯುರಿಥೇನ್ ಹೊಡೆಯಿರಿ. ನನ್ನನ್ನು ಕೇಳಿದರೆ ಬೂದುಬಣ್ಣದಲ್ಲೇ ಬಿಟ್ಟುಬಿಡಿ. ಮೊದಲ ಕೆಲವು ವಾರ ಮಾತ್ರ ಗಾಳಿಯಾಡುವ ಕಡೆ ನಿಲ್ಲಿಸಿ. ಹೊಸ ಸತುವು ಒದ್ದೆಯಾಗಿ, ಗಾಳಿಯಿಲ್ಲದೆ ಇದ್ದರೆ ಬಿಳಿ ಪುಡಿ ಕಟ್ಟುತ್ತದೆ.

ಉತ್ತರ 4

ಲೇಪನ ಯಾವುದೇ ಆಗಲಿ, ಎಲ್ಲಿ ಲೇಪನ ಇರಬಾರದು ಎಂಬುದನ್ನು ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಅಚ್ಚಿನ ತಟ್ಟೆ, ಕೊಂಡಿಯ ಪೀಠ, ಸ್ಪ್ರಿಂಗಿನ ಬ್ರಾಕೆಟ್ ಮುಂತಾಗಿ ಬೋಲ್ಟಿನ ಬಿಗಿತದಿಂದಲೇ ನಿಲ್ಲುವ ಜಾಗಗಳಲ್ಲಿ ದಪ್ಪ ಬಣ್ಣವಿದ್ದರೆ ಅದು ದಿನಕಳೆದಂತೆ ಅದುಮಿ ತೆಳುವಾಗುತ್ತದೆ, ಬೋಲ್ಟು ತಿರುಗದೆಯೇ ಸಡಿಲವಾಗುತ್ತದೆ. ಬಣ್ಣ ಬಳಿಯುವವರು ಆ ಮೈಗಳಿಗೆ ಟೇಪು ಅಂಟಿಸಿ, ತೆಳ್ಳಗೆ ಪ್ರೈಮರ್ ಮಾತ್ರ ಬಿಡುವುದು ಲೇಸು. ಪೌಡರ್ ಕೋಟಿಂಗ್ ಮಾಡಿಸುವವರಂತೂ ಇದನ್ನು ಮುಂಚೆಯೇ ಹೇಳಿ ಮುಚ್ಚಿಸಬೇಕು. ಸತು ಹಾಕಿಸಿದ್ದರೆ ಆ ಚಿಂತೆ ಕಡಿಮೆ, ಆದರೆ ಅಲ್ಲಿ ಹೆಪ್ಪುಗಟ್ಟಿದ ಸತುವಿನ ಹನಿಗಳನ್ನು ಅರದಿಂದ ಸಮ ಮಾಡಿ. ಯಾವುದೇ ಸಂದರ್ಭದಲ್ಲೂ ನೂರು ಕಿಲೋಮೀಟರ್ ಓಡಿಸಿದ ಮೇಲೆ ಈ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಿರಿ.

ದೀಪಗಳ ಅರ್ತಿಂಗ್ ತಂತಿಯನ್ನು ಚೌಕಟ್ಟಿಗೆ ಸಿಕ್ಕಿಸುವ ರೂಢಿಯಿದ್ದರೆ ಅಲ್ಲಿ ಬರಿಯ ಲೋಹ ಬೇಕು. ಎಪಾಕ್ಸಿಯ ಮೇಲೆ ಸಿಕ್ಕಿಸಿ ದೀಪ ಮಿಣುಕುವುದೇಕೆಂದು ತಲೆ ಕೆರೆದುಕೊಂಡವರನ್ನು ಬಹಳ ಕಂಡಿದ್ದೇನೆ. ಪ್ರತಿ ದೀಪಕ್ಕೂ ಪ್ರತ್ಯೇಕ ಅರ್ತಿಂಗ್ ತಂತಿಯನ್ನು ಪ್ಲಗ್ಗಿನವರೆಗೆ ಎಳೆದುಬಿಟ್ಟರೆ ಚೌಕಟ್ಟನ್ನು ಕೆರೆಯುವ ಪ್ರಮೇಯವೇ ಇಲ್ಲ.

ನೆಲದ ಹಲಗೆಯನ್ನೂ ನೋಡಿಕೊಳ್ಳಿ. ಗೆದ್ದಲು ಹಿಡಿಯದಿರಲೆಂದು ತಾಮ್ರದ ಲವಣ ಉಣಿಸಿದ ಹಲಗೆ ಒದ್ದೆಯಾದಾಗ ಉಕ್ಕನ್ನೂ ಸತುವನ್ನೂ ತಿನ್ನುತ್ತದೆ. ಹಲಗೆಗೂ ಚೌಕಟ್ಟಿಗೂ ನಡುವೆ ರಬ್ಬರಿನ ಪಟ್ಟಿ ಹಾಸಿ, ನೀರು ಹರಿದುಹೋಗಲು ನಡುನಡುವೆ ಬಿಡುವು ಕೊಡಿ. ಹಾಗೆ ಮಾಡದಿದ್ದರೆ ಒದ್ದೆ ಮರಳಿನ ನೀರೆಲ್ಲ ಹಲಗೆಯ ಅಡಿಯಲ್ಲೇ ನಿಲ್ಲುತ್ತದೆ.

ಪ್ರಶ್ನೆ ಕೇಳಿದವರು

ಸತು ಹಾಕಿಸುವುದೆಂದು ತೀರ್ಮಾನಿಸಿದ್ದೇನೆ. ನಿನ್ನೆ ನೊಗದ ಮುಚ್ಚಳ ಕತ್ತರಿಸಿದೆ. ಒಳಗಿನಿಂದ ಒಂದು ಚಮಚದಷ್ಟು ಕಂದು ನೀರು ಹೊರಬಂತು, ಪೈಪು ಬೆಸೆದು ಇನ್ನೂ ಎರಡು ತಿಂಗಳಾಗಿಲ್ಲ! ಅಡ್ಡಪಟ್ಟಿಗಳಿಗೆ 12 ಮಿ.ಮೀ. ತೂತುಗಳನ್ನು ಗುರುತು ಮಾಡಿ, ಫೋಟೊ ತೆಗೆದು ಅದ್ದುವವರಿಗೆ ಕಳುಹಿಸಿದ್ದೇನೆ. ಅವರು ಹೊರಸುತ್ತಿನ ನಾಲ್ಕು ಮೂಲೆಗಳಲ್ಲಿ ಇನ್ನೂ ಒಂದೊಂದು ತೂತು ಬೇಕೆಂದು ತಿದ್ದಿ ಕಳುಹಿಸಿದರು. ಅದ್ದಿಸಿ ತಂದ ಮೇಲೆ ಈ ತೂತುಗಳನ್ನೆಲ್ಲ ಮುಚ್ಚಬೇಕೇ?

ಉತ್ತರ 1

ಮೇಲ್ಮುಖವಾಗಿರುವ ತೂತುಗಳನ್ನು ಮಾತ್ರ ಪ್ಲಾಸ್ಟಿಕ್ ಬಿರಡೆಯಿಂದ ಮುಚ್ಚಿ, ಮರಳು ಒಳಗೆ ಬೀಳದಿರಲಿ. ಕೆಳಮುಖದವನ್ನು ತೆರೆದೇ ಇಡಿ. ವರ್ಷಕ್ಕೊಮ್ಮೆ ನೊಗವನ್ನು ಮೇಲೆತ್ತಿ ನಿಲ್ಲಿಸಿ, ಪೈಪುಗಳೊಳಗೆ ಶುದ್ಧ ನೀರು ಹಾಯಿಸಿ, ಕೆಳಗಿನ ತೂತುಗಳಿಂದ ಧಾರೆ ಸರಾಗವಾಗಿ ಬರುತ್ತಿದೆಯೇ ಎಂದು ನೋಡಿಕೊಳ್ಳಿ. ಧಾರೆ ತೆಳುವಾದ ಕಡೆ ಕಸ ಕಟ್ಟಿದೆಯೆಂದು ತಿಳಿದು ತಂತಿ ಹಾಕಿ ಬಿಡಿಸಿ.